ಕ್ಲೌಡ್ ಡೇಟಾಬೇಸ್: ಸಾಮರ್ಥ್ಯ ಏರಿಸುವ ಹೊತ್ತು ಯಾವುದು?

ಸ್ವಂತ ಸರ್ವರ್ ಇಟ್ಟುಕೊಂಡಿದ್ದ ಕಾಲದಲ್ಲಿ ಡೇಟಾಬೇಸ್‌ನ ಸಾಮರ್ಥ್ಯ ಎಷ್ಟಿರಬೇಕು ಎಂಬುದು ವರ್ಷಕ್ಕೊಮ್ಮೆ ಬಜೆಟ್ ಸಭೆಯಲ್ಲಿ ತೀರ್ಮಾನವಾಗುತ್ತಿತ್ತು. ಕೊಟೇಶನ್ ತರಿಸಿ, ಪರ್ಚೇಸ್ ಆರ್ಡರ್ ಹೊರಡಿಸಿ, ಪೆಟ್ಟಿಗೆ ಬಂದು ಸರ್ವರ್ ಕೋಣೆ ಸೇರುವಷ್ಟರಲ್ಲಿ ವಾರಗಳೇ ಉರುಳುತ್ತಿದ್ದವು. ಹಾಗಾಗಿ ಮೂರು ವರ್ಷಕ್ಕೆ ಸಾಕಾಗುವಷ್ಟನ್ನು ಒಮ್ಮೆಗೇ ಕೊಂಡುಬಿಡುವುದು ರೂಢಿ. 2009ರ ಅಕ್ಟೋಬರ್‌ನಲ್ಲಿ ಅಮೆಜಾನ್ ತನ್ನ ಆರ್‌ಡಿಎಸ್ ಸೇವೆಯನ್ನು, 2012ರ ಜನವರಿಯಲ್ಲಿ ಡೈನಮೋಡಿಬಿಯನ್ನು ಹೊರತಂದ ಮೇಲೆ ಈ ರೂಢಿ ಸಡಿಲವಾಯಿತು. ಡೈನಮೋಡಿಬಿಯಲ್ಲಂತೂ ಸಾಮರ್ಥ್ಯ ಎಂದರೆ ಪರದೆಯ ಮೇಲಿನ ಖಾನೆಯೊಂದರಲ್ಲಿ ತುಂಬುವ ಒಂದು ಸಂಖ್ಯೆ. ಬಜೆಟ್ ಸಭೆಯಲ್ಲಿ ಆಗುತ್ತಿದ್ದ ತೀರ್ಮಾನ ಈಗ ಆ ಹೊತ್ತಿಗೆ ಆನ್‌ಕಾಲ್ ಪಾಳಿಯಲ್ಲಿರುವ ಎಂಜಿನಿಯರ್‌ನ ಕೈಯಲ್ಲಿದೆ.

ಸಂಖ್ಯೆ ತಿದ್ದುವುದು ಸುಲಭವಾದಷ್ಟೂ ಅದನ್ನು ಯಾವಾಗ ತಿದ್ದಬೇಕು ಎಂಬ ಪ್ರಶ್ನೆ ಜಟಿಲವಾಗಿದೆ. ಬೇಗ ಏರಿಸಿದರೆ ಬಿಲ್ಲು ಏರುತ್ತದೆ. ತಡವಾದರೆ ಸೈಟು ನಿಲ್ಲುತ್ತದೆ. ಕೆಲವೊಮ್ಮೆ ಏರಿಸುವ ಅಗತ್ಯವೇ ಇರುವುದಿಲ್ಲ, ತೊಂದರೆ ಬೇರೆಡೆ ಇರುತ್ತದೆ. ಈ ಲೇಖನದ ಉದಾಹರಣೆಗಳಲ್ಲಿ ಹೆಚ್ಚಿನವು ಡೈನಮೋಡಿಬಿಯವು. ಅದರ ಒಳಗಿನ ವ್ಯವಸ್ಥೆ ಹೇಗೆ ಬದಲಾಗುತ್ತ ಬಂತು ಎಂಬುದನ್ನು ಅದನ್ನು ಕಟ್ಟಿದವರೇ 2022ರಲ್ಲಿ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಬಿಚ್ಚಿಟ್ಟಿದ್ದಾರೆ. ಅದು ಕುಸಿದು ಬಿದ್ದ ದಿನವೊಂದರ ವರದಿಯೂ ಎಲ್ಲರ ಕಣ್ಣಿಗೆ ಸಿಗುವಂತಿದೆ.

## ಅಳತೆಯ ಲೆಕ್ಕ

ಸಾಮರ್ಥ್ಯ ಅಳೆಯಲು ಒಂದೊಂದು ಕಂಪನಿ ಒಂದೊಂದು ಮಾಪನ ಇಟ್ಟುಕೊಂಡಿದೆ. ಡೈನಮೋಡಿಬಿಯಲ್ಲಿ ಓದಿಗೆ ಆರ್‌ಸಿಯು, ಬರಹಕ್ಕೆ ಡಬ್ಲ್ಯುಸಿಯು. 4 ಕೆಬಿವರೆಗಿನ ದಾಖಲೆಯೊಂದನ್ನು, ಅದರ ತೀರಾ ಇತ್ತೀಚಿನ ರೂಪವೇ ಕಾಣುವಂತೆ, ಸೆಕೆಂಡಿಗೊಮ್ಮೆ ಓದಿದರೆ ಒಂದು ಆರ್‌ಸಿಯು ಖರ್ಚು. ಒಂದೆರಡು ಗಳಿಗೆ ಹಳೆಯದಾದರೂ ನಡೆಯುತ್ತದೆ ಎನ್ನುವುದಾದರೆ ಅದೇ ಒಂದರಲ್ಲಿ ಎರಡು ಸಲ ಓದಬಹುದು. 1 ಕೆಬಿವರೆಗಿನ ದಾಖಲೆಯನ್ನು ಸೆಕೆಂಡಿಗೊಮ್ಮೆ ಬರೆದರೆ ಒಂದು ಡಬ್ಲ್ಯುಸಿಯು. ದಾಖಲೆ 1.1 ಕೆಬಿ ಇದ್ದರೆ ಎರಡು. ಇಲ್ಲಿ ಭಿನ್ನರಾಶಿ ಇಲ್ಲ, ಲೆಕ್ಕ ಯಾವಾಗಲೂ ಮೇಲಿನ ಪೂರ್ಣಾಂಕಕ್ಕೇ. ಹಾಗಾಗಿ ದಾಖಲೆಯಲ್ಲಿನ ಉದ್ದುದ್ದ ಹೆಸರುಗಳನ್ನು ಮೊಟಕು ಮಾಡಿ 1 ಕೆಬಿ ಒಳಗೆ ತಂದರೆ ಬರಹದ ಸಾಮರ್ಥ್ಯ ಒಂದು ರೂಪಾಯಿ ಖರ್ಚಿಲ್ಲದೆ ಇಮ್ಮಡಿಯಾದಂತೆ.

ಮೈಕ್ರೋಸಾಫ್ಟ್‌ನ ಕಾಸ್ಮಾಸ್ ಡಿಬಿಯಲ್ಲಿ ಓದು, ಬರಹ ಎರಡಕ್ಕೂ ಆರ್‌ಯು ಎಂಬ ಒಂದೇ ನಾಣ್ಯ. 1 ಕೆಬಿಯ ದಾಖಲೆಯನ್ನು ಅದರ ಕೀ ಹಿಡಿದು ನೇರವಾಗಿ ಓದಿದರೆ 1 ಆರ್‌ಯು. ಗೂಗಲ್‌ನ ಸ್ಪ್ಯಾನರ್ ನೋಡ್‌ಗಳ ಲೆಕ್ಕದಲ್ಲಿ ಸಿಗುತ್ತದೆ. ಅಮೆಜಾನ್‌ನ ಅರೋರಾ ಸರ್ವರ್‌ಲೆಸ್‌ನದು ಎಸಿಯು, ಒಂದಕ್ಕೆ ಸುಮಾರು 2 ಜಿಬಿ ಮೆಮೊರಿ ಮತ್ತು ಅದಕ್ಕೆ ತಕ್ಕ ಸಿಪಿಯು.

ಆರ್‌ಡಿಎಸ್‌ನಲ್ಲಿ ಓಡುವ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್‌ಗಳಿಗೆ ಇಂಥ ನಾಣ್ಯವಿಲ್ಲ. ಅಲ್ಲಿ ಸಾಮರ್ಥ್ಯ ಎಂದರೆ ಇಡೀ ಯಂತ್ರ: ಸಿಪಿಯು, ಮೆಮೊರಿ, ಡಿಸ್ಕಿನ ಜಾಗ, ಸೆಕೆಂಡಿಗೆ ಡಿಸ್ಕ್ ಎಷ್ಟು ಸಲ ಓದಿ ಬರೆಯಬಲ್ಲುದು ಎಂಬ ಐಒಪಿಎಸ್, ಏಕಕಾಲಕ್ಕೆ ತೆರೆದಿಡಬಹುದಾದ ಕನೆಕ್ಷನ್‌ಗಳ ಸಂಖ್ಯೆ. ಈ ಐದೂ ಒಟ್ಟಿಗೆ ಮುಗಿಯುವುದಿಲ್ಲ. ಸಿಪಿಯು ಶೇ 30ರಲ್ಲಿ ಆರಾಮವಾಗಿರುವಾಗಲೇ ಕನೆಕ್ಷನ್ ತೀರಿಹೋಗಿ ಸೈಟು ಮಲಗಬಹುದು. ಡ್ಯಾಶ್‌ಬೋರ್ಡ್‌ನಲ್ಲಿ ದೊಡ್ಡದಾಗಿ ಕಾಣುವುದು ಮಾತ್ರ ಸಿಪಿಯು ಗೆರೆ.

## 70ರ ಗೆರೆ ಎಲ್ಲಿಂದ ಬಂತು

ಬಳಕೆ ನೋಡಿ ಸಾಮರ್ಥ್ಯವನ್ನು ತಾನೇ ಏರಿಳಿಸುವ ಆಟೋಸ್ಕೇಲಿಂಗ್ ಸೌಲಭ್ಯ ಡೈನಮೋಡಿಬಿಗೆ 2017ರಲ್ಲಿ ಬಂತು. ಕೊಂಡ ಸಾಮರ್ಥ್ಯದ ಶೇಕಡಾ ಎಷ್ಟು ಬಳಕೆಯಾಗುತ್ತಿರಬೇಕು ಎಂಬ ಗುರಿಯನ್ನು 20ರಿಂದ 90ರ ನಡುವೆ ಎಲ್ಲಿ ಬೇಕಾದರೂ ಇಡಬಹುದು. ಯಾರೂ ಏನೂ ಹೇಳದಿದ್ದರೆ ಅದು 70. ದುಡ್ಡು ಕೊಟ್ಟ ಮೇಲೆ ಶೇ 30ನ್ನು ಖಾಲಿ ಬಿಡುವುದೇಕೆ ಎಂದು ಲೆಕ್ಕಪತ್ರ ವಿಭಾಗದವರು ಕೇಳುವುದು ಸಹಜ.

ಉತ್ತರ ಇರುವುದು ನೂರು ವರ್ಷಕ್ಕೂ ಹಳೆಯ ಗಣಿತದಲ್ಲಿ. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ 1909ರಲ್ಲಿ ಫೋನ್ ಕರೆಗಳ ದಟ್ಟಣೆಯ ಬಗ್ಗೆ ಪ್ರಬಂಧ ಪ್ರಕಟಿಸಿದ. ಸರತಿ ಸಾಲಿನ ಶಾಸ್ತ್ರ ಹುಟ್ಟಿದ್ದು ಅಲ್ಲಿಂದ. ಅದರ ತೀರಾ ಸರಳ ಸೂತ್ರ ಹೇಳುವುದಿಷ್ಟು: ಕೆಲಸಕ್ಕೆ ತಗಲುವ ಹೊತ್ತನ್ನು, ಬಿಡುವಾಗಿರುವ ಪಾಲಿನಿಂದ ಭಾಗಿಸಿದರೆ ಕಾಯುವುದೂ ಸೇರಿ ಒಟ್ಟು ಹೊತ್ತು ಸಿಗುತ್ತದೆ. ಒಂದು ಕ್ವೆರಿಗೆ 5 ಮಿಲಿಸೆಕೆಂಡ್ ಸಾಕು ಎಂದುಕೊಳ್ಳಿ. ಬಳಕೆ ಶೇ 50 ಇದ್ದಾಗ ಉತ್ತರ ಬರುವುದು 10 ಮಿಲಿಸೆಕೆಂಡಿಗೆ. ಶೇ 70ರಲ್ಲಿ ಸುಮಾರು 17, ಶೇ 80ರಲ್ಲಿ 25, ಶೇ 90ರಲ್ಲಿ 50, ಶೇ 95ರಲ್ಲಿ 100. ನ್ಯಾಯಬೆಲೆ ಅಂಗಡಿಯ ಒಂದೇ ತಕ್ಕಡಿಯ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂಗುವವನ ಕೈಗೆ ಬಿಡುವೇ ಇಲ್ಲದ ದಿನ ಇನ್ನಿಬ್ಬರು ಬಂದು ಸೇರಿದರೂ ಸಾಲು ಬೀದಿಗೆ ಬರುತ್ತದೆ.

ಈ ಸೂತ್ರ ಒಂದೇ ಕೌಂಟರಿನ, ಆದರ್ಶ ಪರಿಸ್ಥಿತಿಯ ಲೆಕ್ಕ. ಹದಿನಾರು ಕೋರ್‌ಗಳ ಯಂತ್ರದಲ್ಲಿ ತಿರುವು ಇನ್ನಷ್ಟು ತಡವಾಗಿ ಬರುತ್ತದೆ, ಆದರೆ ಬಂದಾಗ ಹೆಚ್ಚು ಕಡಿದಾಗಿರುತ್ತದೆ. ಶೇ 60ರಿಂದ 70ಕ್ಕೆ ಏರಿದಾಗ ಏನೂ ಆಗಲಿಲ್ಲ, ಹಾಗಾಗಿ 80ರಿಂದ 90ಕ್ಕೆ ಏರಿದರೂ ಏನೂ ಆಗದು ಎಂಬ ತರ್ಕ ಹೆಚ್ಚಿನ ತಂಡಗಳನ್ನು ಕೆಡಹುವುದು ಇಲ್ಲೇ.

ಖಾಲಿ ಜಾಗ ಬಿಡಲು ಇನ್ನೊಂದು ಕಾರಣವೂ ಇದೆ. ಒಂದೇ ಪ್ರದೇಶದಲ್ಲಿರುವ ಸ್ಪ್ಯಾನರ್‌ನಲ್ಲಿ ಆದ್ಯತೆಯ ಕೆಲಸಗಳ ಸಿಪಿಯು ಬಳಕೆ ಶೇ 65 ಮೀರದಿರಲಿ ಎಂದು ಗೂಗಲ್ ಹೇಳುತ್ತದೆ. ಹಲವು ಪ್ರದೇಶಗಳಿಗೆ ಹರಡಿದ ಸ್ಪ್ಯಾನರ್‌ಗೆ ಆ ಮಿತಿ ಶೇ 45. ದತ್ತಾಂಶದ ಪ್ರತಿಗಳು ಬೇರೆ ಬೇರೆ ವಲಯಗಳಲ್ಲಿ ಇರುತ್ತವೆ. ಒಂದು ವಲಯ ಕೈಕೊಟ್ಟರೆ ಅದರ ಹೊರೆ ಉಳಿದವುಗಳ ಹೆಗಲಿಗೆ ಬೀಳುತ್ತದೆ. ಮೂರು ವಲಯಗಳಲ್ಲಿ ತಲಾ ಶೇ 65 ಇದ್ದದ್ದು ಎರಡಕ್ಕೇ ಹಂಚಿಹೋದರೆ ತಲಾ 97 ಮುಟ್ಟುತ್ತದೆ. ಅಂದರೆ ಈ ಗೆರೆಯಲ್ಲಿ ದುಂದಿಗೆ ಜಾಗವೇ ಇಲ್ಲ, ಒಂದು ವಲಯ ಹೋದ ದಿನ ಬದುಕಿ ಉಳಿಯಲು ಬೇಕಾದಷ್ಟೇ ಇದೆ.

## ಸರಾಸರಿಯ ಮರೆಯಲ್ಲಿ

ಶೇಕಡಾವಾರು ಸಂಖ್ಯೆಗಳನ್ನು ನಂಬುವ ಮೊದಲು ಅವು ಎಷ್ಟು ಹೊತ್ತಿನ ಸರಾಸರಿ ಎಂದು ನೋಡಬೇಕು. ಒಂದು ಟೇಬಲ್‌ಗೆ 1000 ಡಬ್ಲ್ಯುಸಿಯು ಕೊಟ್ಟಿದ್ದೀರಿ, ಬರಹಗಳು ಅದರುದ್ದಕ್ಕೂ ಸಮನಾಗಿ ಹರಡಿವೆ ಎಂದಿಟ್ಟುಕೊಳ್ಳಿ. ಒಂದು ನಿಮಿಷದಲ್ಲಿ 36,000 ಯೂನಿಟ್ ಖರ್ಚಾಯಿತು. ಸೆಕೆಂಡಿಗೆ 600, ಬಳಕೆ ಶೇ 60. ಗ್ರಾಫ್ ತಣ್ಣಗಿದೆ. ಆದರೆ ಆ 36,000 ಬಂದದ್ದು ಮೊದಲ 20 ಸೆಕೆಂಡಿನಲ್ಲಿ, ಉಳಿದ 40 ಸೆಕೆಂಡು ಟೇಬಲ್ ಸುಮ್ಮನಿತ್ತು ಎಂದಾದರೆ? ಆ 20 ಸೆಕೆಂಡು ಹೊರೆ 1800 ಇತ್ತು, ಮಿತಿಗಿಂತ ಶೇ 80 ಹೆಚ್ಚು.

ಇಷ್ಟಾದರೂ ಯಾವ ದೋಷವೂ ಕಾಣಿಸದೇ ಇರಬಹುದು. ಬಳಸದೆ ಉಳಿದ ಸಾಮರ್ಥ್ಯವನ್ನು ಡೈನಮೋಡಿಬಿ 300 ಸೆಕೆಂಡಿನವರೆಗೆ ಕೂಡಿಟ್ಟು, ಇಂಥ ಹೊತ್ತಿನಲ್ಲಿ ಕೊಡುತ್ತದೆ. ಹಿಂದಿನ ಐದು ನಿಮಿಷದಲ್ಲಿ ಸೆಕೆಂಡಿಗೆ 400ರಂತೆ ಉಳಿದಿದ್ದರೆ ಕೈಯಲ್ಲಿ 1,20,000 ಯೂನಿಟ್ ಇರುತ್ತದೆ. ನುಗ್ಗಾಟಕ್ಕೆ ಬೇಕಾದ ಹೆಚ್ಚುವರಿ 16,000 ಮಾತ್ರ. ವ್ಯಾಪಾರ ಬೆಳೆದು ಎಂದಿನ ಹೊರೆಯೇ 950 ಆಯಿತು ಎನ್ನಿ, ಆಗ ಉಳಿತಾಯ 15,000ಕ್ಕೆ ಇಳಿದಿರುತ್ತದೆ. ತಿಂಗಳುಗಟ್ಟಲೆ ಸದ್ದಿಲ್ಲದೆ ದಾಟುತ್ತಿದ್ದ ಅದೇ 20 ಸೆಕೆಂಡಿನ ನುಗ್ಗಾಟ ಆ ದಿನ ಹತ್ತೊಂಬತ್ತನೆಯ ಸೆಕೆಂಡಿಗೆ ಮುಗ್ಗರಿಸಿ, ಕೋರಿಕೆಗಳು ತಿರಸ್ಕೃತವಾಗತೊಡಗುತ್ತವೆ. ಇದಕ್ಕೇ ಥ್ರಾಟ್ಲಿಂಗ್ ಎನ್ನುವುದು. ಈ ಕೂಡಿಟ್ಟ ಸಾಮರ್ಥ್ಯವನ್ನು ಒಳಗಿನ ನಿರ್ವಹಣೆಯ ಕೆಲಸಗಳೂ ಮುನ್ಸೂಚನೆ ಇಲ್ಲದೆ ಬಳಸಿಕೊಳ್ಳಬಹುದು. ಅದನ್ನು ನಂಬಿ ಯೋಜನೆ ಹಾಕುವಂತಿಲ್ಲ.

ಡಿಸ್ಕ್‌ಗಳಲ್ಲೂ ಇದೇ ಆಟ. ಅಮೆಜಾನ್‌ನ ಜಿಪಿ2 ಬಗೆಯ 100 ಜಿಬಿ ಡಿಸ್ಕಿಗೆ ಹಕ್ಕಿನ ವೇಗ 300 ಐಒಪಿಎಸ್. ಆದರೆ ಆರಂಭದಲ್ಲಿ ಸಿಗುವ 54 ಲಕ್ಷ ಕ್ರೆಡಿಟ್ ಮುಗಿಯುವವರೆಗೆ ಅದು 3000ದಲ್ಲಿ ಓಡುತ್ತದೆ. ಪೂರ್ತಿ ವೇಗದಲ್ಲಿ ಓಡಿಸಿದರೆ ಕ್ರೆಡಿಟ್ ಮುಗಿಯಲು ಸುಮಾರು 33 ನಿಮಿಷ. ಇಪ್ಪತ್ತು ನಿಮಿಷದ ಲೋಡ್ ಟೆಸ್ಟ್‌ನಲ್ಲಿ ಈ ಡೇಟಾಬೇಸ್ ಡಿಸ್ಟಿಂಕ್ಷನ್‌ನಲ್ಲಿ ಪಾಸಾಗುತ್ತದೆ. ನಿಜವಾದ ಹಬ್ಬದ ಮಾರಾಟದ ದಿನ ಅರ್ಧ ಗಂಟೆ ಕಳೆದ ಮೇಲೆ ಹತ್ತನೇ ಒಂದು ವೇಗಕ್ಕೆ ಇಳಿಯುತ್ತದೆ. ಲೋಡ್ ಟೆಸ್ಟ್ ಎರಡು ಗಂಟೆಗಿಂತ ಕಡಿಮೆ ಓಡಿಸಿದವರ ವರದಿಯನ್ನು ನಾನಂತೂ ಬದಿಗಿಡುತ್ತೇನೆ.

ಉತ್ತರದ ವೇಗಕ್ಕೂ ಸರಾಸರಿ ನೋಡಬಾರದು. ನೂರರಲ್ಲಿ ಒಂದು ಕ್ವೆರಿ ಮಾತ್ರ ನಿಧಾನ ಎಂದರೆ ಪರವಾಗಿಲ್ಲ ಅನ್ನಿಸುತ್ತದೆ. ಒಂದು ಪುಟ ತೆರೆಯಲು 30 ಕ್ವೆರಿ ಬೇಕಿದ್ದರೆ, ಅದರಲ್ಲಿ ಒಂದಾದರೂ ಆ ನಿಧಾನದ್ದಾಗಿರುವ ಸಂಭವ ಶೇ 26. ನಾಲ್ವರು ಗ್ರಾಹಕರಲ್ಲಿ ಒಬ್ಬರು ಕಾಯುತ್ತಾರೆ.

## ಗೋಡೆ ಎಷ್ಟು ದೂರ, ಬ್ರೇಕ್ ಹಿಡಿಯಲು ಎಷ್ಟು ಹೊತ್ತು

ತೀರ್ಮಾನಕ್ಕೆ ನಿಜವಾಗಿ ಬೇಕಾದವು ಎರಡು ಅವಧಿಗಳು. ಈಗಿನ ಬೆಳವಣಿಗೆಯಲ್ಲಿ ಮಿತಿ ಮುಟ್ಟಲು ಇನ್ನೆಷ್ಟು ಹೊತ್ತಿದೆ ಎಂಬುದು ಒಂದು. ಸಾಮರ್ಥ್ಯ ಕೇಳಿದ ಮೇಲೆ ಅದು ಕೈಗೆ ಬರಲು ಎಷ್ಟು ಹೊತ್ತು ಬೇಕು ಎಂಬುದು ಇನ್ನೊಂದು. ಮೊದಲನೆಯದು ಎರಡನೆಯದಕ್ಕಿಂತ ಕನಿಷ್ಠ ಎರಡು ಪಟ್ಟು ಇರಲೇಬೇಕು. ಶೇಕಡಾವಾರು ಗೆರೆ ಈ ಲೆಕ್ಕಕ್ಕೆ ಒಂದು ಒರಟು ಬದಲಿ ಅಷ್ಟೇ.

ಎರಡನೆಯ ಅವಧಿ ಒಂದೊಂದು ಕಡೆ ಒಂದೊಂದು ತೆರ. ಡೈನಮೋಡಿಬಿಯ ಆಟೋಸ್ಕೇಲಿಂಗ್ ಎಚ್ಚರಗೊಳ್ಳಲು ಬಳಕೆ ಸತತ ಎರಡು ನಿಮಿಷ ಗುರಿ ಮೀರಿರಬೇಕು. ಆಮೇಲೆ ಸಾಮರ್ಥ್ಯ ಬರಲು ಇನ್ನೂ ಕೆಲವು ನಿಮಿಷ. ಅರೋರಾ ಸರ್ವರ್‌ಲೆಸ್ ಸೆಕೆಂಡುಗಳಲ್ಲಿ ಅರ್ಧರ್ಧ ಎಸಿಯು ಏರಬಲ್ಲುದು. ಆರ್‌ಡಿಎಸ್‌ನಲ್ಲಿ ದೊಡ್ಡ ಯಂತ್ರಕ್ಕೆ ಬದಲಾಗುವುದು ಬೇರೆಯೇ ಬಗೆ. ಜೋಡಿ ಯಂತ್ರದ ಏರ್ಪಾಡಿನಲ್ಲೂ ಒಂದರಿಂದ ಇನ್ನೊಂದಕ್ಕೆ ಹೊರಳುವಾಗ ಸಾಮಾನ್ಯವಾಗಿ 60ರಿಂದ 120 ಸೆಕೆಂಡು ಸೇವೆ ನಿಲ್ಲುತ್ತದೆ. ಹೊಸ ಯಂತ್ರದ ಮೆಮೊರಿ ಖಾಲಿ ಇರುವುದರಿಂದ ಮೊದಲ ಕೆಲವು ನಿಮಿಷ ಎಲ್ಲವನ್ನೂ ಡಿಸ್ಕಿನಿಂದಲೇ ತರಬೇಕು. ಹೊರೆ ತುತ್ತತುದಿಯಲ್ಲಿರುವಾಗ ಈ ಬದಲಾವಣೆಗೆ ಕೈ ಹಾಕಿದರೆ ಗಾಯಕ್ಕೆ ಉಪ್ಪು ಸವರಿದಂತೆ. ಆರ್‌ಡಿಎಸ್‌ನ ಡಿಸ್ಕ್ ತಾನಾಗಿಯೇ ಬೆಳೆಯುವುದಕ್ಕೂ ಷರತ್ತುಗಳಿವೆ. ಖಾಲಿ ಜಾಗ ಶೇ 10ಕ್ಕಿಂತ ಕಡಿಮೆಯಾಗಿ ಐದು ನಿಮಿಷ ಕಳೆದಿರಬೇಕು, ಹಿಂದಿನ ಬದಲಾವಣೆಯಾಗಿ ಆರು ಗಂಟೆ ದಾಟಿರಬೇಕು. ತಪ್ಪಾಗಿ ಬರೆದ ಬ್ಯಾಚ್ ಜಾಬ್ ಒಂದು ಆ ಆರು ಗಂಟೆಯೊಳಗೆ ಡಿಸ್ಕ್ ತುಂಬಿಸಿದರೆ ಆಟೋಸ್ಕೇಲಿಂಗ್ ನೋಡುತ್ತ ಕೂರುತ್ತದೆ.

ಇವೆಲ್ಲ ನಿಮಿಷ, ಗಂಟೆಗಳ ಮಾತು. ಡೇಟಾಬೇಸನ್ನೇ ತುಂಡುಗಳಾಗಿ ಒಡೆದು ಹಲವು ಯಂತ್ರಗಳಿಗೆ ಹಂಚುವ ಶಾರ್ಡಿಂಗ್ ತಿಂಗಳುಗಳ ಕೆಲಸ. ವಿನ್ಯಾಸ ತಂತ್ರಾಂಶದ ಫಿಗ್ಮಾ ಕಂಪನಿ 2020ರಲ್ಲಿ ಅಮೆಜಾನ್‌ನಲ್ಲಿ ಸಿಗುವ ಅತಿ ದೊಡ್ಡ ಯಂತ್ರದ ಮೇಲೆ ಒಂದೇ ಪೋಸ್ಟ್‌ಗ್ರೆಸ್ ಓಡಿಸುತ್ತಿತ್ತು. ಅದಕ್ಕಿಂತ ದೊಡ್ಡದು ಕೊಳ್ಳೋಣವೆಂದರೆ ಮಾರುಕಟ್ಟೆಯಲ್ಲೇ ಇಲ್ಲ. ಅವರು ಮೊದಲು ಟೇಬಲ್‌ಗಳ ಗುಂಪುಗಳನ್ನು ಬೇರೆ ಬೇರೆ ಡೇಟಾಬೇಸ್‌ಗೆ ಸಾಗಿಸಿದರು. ಆಮೇಲೆ ಒಂದೇ ಟೇಬಲ್ಲನ್ನು ಸಾಲು ಸಾಲಾಗಿ ಒಡೆಯುವ ಕೆಲಸಕ್ಕಿಳಿದು, ಮೊದಲ ಟೇಬಲ್ ಚಾಲ್ತಿಗೆ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಹಿಡಿದದ್ದು ಒಂಬತ್ತು ತಿಂಗಳು.

ಈಗ ಎರಡು ಗ್ರಾಫ್ ಪಕ್ಕಪಕ್ಕ ಇಡೋಣ. 1000 ಜಿಬಿ ಡಿಸ್ಕಿನಲ್ಲಿ 780 ತುಂಬಿದೆ, ದಿನಕ್ಕೆ 6 ಜಿಬಿ ಏರುತ್ತಿದೆ. ಗೋಡೆಗೆ 36 ದಿನ. ಡಿಸ್ಕ್ ಹಿಗ್ಗಿಸಲು ಗಂಟೆಗಳು ಸಾಕು, ಹಾಗಾಗಿ ಅವಸರವಿಲ್ಲ. ಇನ್ನೊಂದು ಕಡೆ, ಸಿಗಬಹುದಾದ ಅತಿ ದೊಡ್ಡ ಯಂತ್ರದಲ್ಲಿ ಸಂಜೆಯ ದಟ್ಟಣೆಯ ಹೊತ್ತಿಗೆ ಸಿಪಿಯು ಶೇ 62. ತಿಂಗಳಿಗೆ ಮೂರು ಅಂಶ ಏರುತ್ತಿದೆ. ಮೂರು ತಿಂಗಳೊಳಗೆ 70 ದಾಟುತ್ತದೆ, ಒಂಬತ್ತು ತಿಂಗಳಿಗೆ 89. ಶಾರ್ಡಿಂಗ್‌ಗೆ ಒಂಬತ್ತು ತಿಂಗಳು ಬೇಕಿದ್ದರೆ ಆ ತಂಡ ಆಗಲೇ ತಡ ಮಾಡಿದೆ. ಡ್ಯಾಶ್‌ಬೋರ್ಡ್ ಮಾತ್ರ 78 ತೋರಿಸುವ ಡಿಸ್ಕಿಗೆ ಹಳದಿ ದೀಪ ಹಚ್ಚಿ, 62ರ ಸಿಪಿಯುಗೆ ಹಸಿರು ಹಚ್ಚಿರುತ್ತದೆ.

## 2015ರ ಸೆಪ್ಟೆಂಬರ್ 20

ಸಾಮರ್ಥ್ಯ ಮುಗಿದ ಮೇಲೆ ಏರಿಸೋಣ ಎಂದರೆ ಏನಾಗುತ್ತದೆ ಎಂಬುದಕ್ಕೆ ಡೈನಮೋಡಿಬಿಯೇ ಸಾಕ್ಷಿ. ಅಂದು ಭಾನುವಾರ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನಸುಕಿನ 2.13, ಇಲ್ಲಿ ಮಧ್ಯಾಹ್ನ 2.43. ಅಮೆಜಾನ್‌ನ ಪೂರ್ವ ಅಮೆರಿಕ ಕೇಂದ್ರದಲ್ಲಿ ನೆಟ್‌ವರ್ಕ್ ಸ್ವಲ್ಪ ಹೊತ್ತು ಕೈಕೊಟ್ಟು ಸರಿಹೋಯಿತು. ದತ್ತಾಂಶ ಇಟ್ಟುಕೊಂಡ ಸರ್ವರ್‌ಗಳಲ್ಲಿ ಒಂದಷ್ಟು ಆಗ ಸಂಪರ್ಕ ಕಳೆದುಕೊಂಡಿದ್ದವು.

ಪ್ರತಿ ಸರ್ವರ್ ತನ್ನ ಪಾಲಿಗೆ ಯಾವ ಯಾವ ತುಂಡುಗಳಿವೆ ಎಂಬ ಪಟ್ಟಿಯನ್ನು ಒಂದು ಆಂತರಿಕ ಸೇವೆಯಿಂದ ಪಡೆಯಬೇಕು. ಅದರ ಹೆಸರು ಮೆಟಾಡೇಟಾ ಸೇವೆ. ನಿಗದಿತ ಹೊತ್ತಿನೊಳಗೆ ಪಟ್ಟಿ ಸಿಗದಿದ್ದರೆ ಸರ್ವರ್ ತನ್ನನ್ನು ತಾನೇ ಕೆಲಸದಿಂದ ಹಿಂತೆಗೆದುಕೊಂಡು ಮತ್ತೆ ಕೇಳುತ್ತದೆ. ನೆಟ್‌ವರ್ಕ್ ಮರಳಿದಾಗ ಎಲ್ಲವೂ ಒಟ್ಟಿಗೇ ಕೇಳಿದವು. ಅಷ್ಟರಲ್ಲಿ ಇನ್ನೊಂದು ಬದಲಾವಣೆ ಯಾರ ಗಮನಕ್ಕೂ ಬಾರದೆ ನಡೆದುಹೋಗಿತ್ತು. ಗ್ರಾಹಕರು ತಮ್ಮ ಟೇಬಲ್‌ಗಳಿಗೆ ಹೆಚ್ಚುವರಿ ಇಂಡೆಕ್ಸ್‌ಗಳನ್ನು ಧಾರಾಳವಾಗಿ ಸೇರಿಸಿದ್ದರಿಂದ ಈ ಪಟ್ಟಿಗಳು ಉದ್ದವಾಗಿದ್ದವು. ಅವುಗಳನ್ನು ಕಳಿಸಲು ನಿಗದಿತ ಹೊತ್ತು ಸಾಲಲಿಲ್ಲ. ಸರ್ವರ್‌ಗಳು ಮತ್ತೆ ಕೇಳಿದವು, ಹೊರೆ ಇನ್ನಷ್ಟಾಯಿತು, ಮೊದಲು ಸರಿಯಿದ್ದ ಸರ್ವರ್‌ಗಳಿಗೂ ಉತ್ತರ ಸಿಗದಾಯಿತು. ಪಶ್ಚಿಮ ಕರಾವಳಿಯ ಗಡಿಯಾರದಲ್ಲಿ 2.37ರ ಹೊತ್ತಿಗೆ ಗ್ರಾಹಕರ ಕೋರಿಕೆಗಳಲ್ಲಿ ಸುಮಾರು ಶೇ 55 ವಿಫಲವಾಗುತ್ತಿದ್ದವು.

ಎಂಜಿನಿಯರುಗಳಿಗೆ ಮದ್ದು ಗೊತ್ತಿತ್ತು: ಮೆಟಾಡೇಟಾ ಸೇವೆಗೆ ಹೆಚ್ಚು ಸಾಮರ್ಥ್ಯ ಕೊಡಬೇಕು. ಪ್ರಯತ್ನಿಸಿದರು, ಆಗಲಿಲ್ಲ. ಸೇವೆ ಎಷ್ಟು ಹೊರೆಯಲ್ಲಿತ್ತೆಂದರೆ ಸಾಮರ್ಥ್ಯ ಸೇರಿಸುವ ಆಡಳಿತದ ಆಜ್ಞೆಯೂ ಒಳಗೆ ಹೋಗಲಿಲ್ಲ. ಕೊನೆಗೆ 5.06ಕ್ಕೆ ಆ ಸೇವೆಗೆ ಬರುವ ಕೋರಿಕೆಗಳನ್ನೇ ತಡೆಹಿಡಿದರು. ಹೊರೆ ಇಳಿದ ಮೇಲೆ ಸಾಮರ್ಥ್ಯ ಸೇರಿಸಲು ಸಾಧ್ಯವಾಯಿತು. ಸೇವೆ ಸಹಜ ಸ್ಥಿತಿಗೆ ಮರಳಿದಾಗ 7.10.

ನಂತರದ ವರದಿಯಲ್ಲಿ ಅಮೆಜಾನ್ ಒಪ್ಪಿಕೊಂಡ ಮಾತು ಗಮನಿಸಬೇಕಾದದ್ದು. ಪಟ್ಟಿಯ ಉದ್ದದ ಮೇಲೆ ಸಾಕಷ್ಟು ವಿವರವಾದ ನಿಗಾ ಇರಲಿಲ್ಲ. ಕೆಟ್ಟದ್ದು ಯಾರೂ ಸರಿಯಾಗಿ ಅಳೆಯದೇ ಬಿಟ್ಟಿದ್ದ ಅಂಶದಲ್ಲಿ.

## ಏರಿಸಿದರೂ ಸಿಗದ ಸಾಮರ್ಥ್ಯ

ಡೈನಮೋಡಿಬಿ ಟೇಬಲ್ಲನ್ನು ಪಾರ್ಟಿಶನ್ ಎಂಬ ತುಂಡುಗಳಾಗಿ ಒಡೆದು ಬೇರೆ ಬೇರೆ ಸರ್ವರ್‌ಗಳಲ್ಲಿ ಇಡುತ್ತದೆ. ಒಂದು ಪಾರ್ಟಿಶನ್ ಸೆಕೆಂಡಿಗೆ ಹೆಚ್ಚೆಂದರೆ 3000 ಆರ್‌ಸಿಯು, 1000 ಡಬ್ಲ್ಯುಸಿಯು ತಾಳಬಲ್ಲುದು. ಆರಂಭದ ವರ್ಷಗಳಲ್ಲಿ ಟೇಬಲ್‌ಗೆ ಕೊಟ್ಟ ಸಾಮರ್ಥ್ಯವನ್ನು ಪಾರ್ಟಿಶನ್‌ಗಳಿಗೆ ಸಮನಾಗಿ ಹಂಚಿಬಿಡುತ್ತಿದ್ದರು. 2022ರ ಪ್ರಬಂಧದಲ್ಲಿರುವ ಲೆಕ್ಕ ಇದು: 3200 ಡಬ್ಲ್ಯುಸಿಯು ಕೇಳಿದರೆ ನಾಲ್ಕು ಪಾರ್ಟಿಶನ್, ತಲಾ 800. 3600ಕ್ಕೆ ಏರಿಸಿದರೆ ತಲಾ 900. 6000ಕ್ಕೆ ಏರಿಸಿದರೆ ನಾಲ್ಕರಲ್ಲಿ ಹಿಡಿಸದು. ಒಡೆದು ಎಂಟಾಗುತ್ತವೆ, ತಲಾ 750.

ಈಗ ಹೊರೆಯೆಲ್ಲ ಒಂದೇ ಪಾರ್ಟಿಶನ್ನಿನ ಮೇಲೆ ಬೀಳುತ್ತಿದೆ ಎಂದುಕೊಳ್ಳಿ. 900ರಲ್ಲಿ ಏದುಸಿರು ಬಿಡುತ್ತಿದ್ದ ಗ್ರಾಹಕ ದುಡ್ಡು ಸುರಿದು 6000ಕ್ಕೆ ಏರಿಸಿದ, ಸಿಕ್ಕಿದ್ದು 750. ಇದನ್ನು ನೋಡಿ ಇನ್ನಷ್ಟು ಏರಿಸಿದವರೂ ಇದ್ದರು. ಬಳಕೆಯ ಒಟ್ಟು ಗ್ರಾಫ್ ಶೇ 12.5 ತೋರಿಸುತ್ತಿದ್ದರೂ ಥ್ರಾಟ್ಲಿಂಗ್ ನಿಲ್ಲುತ್ತಿರಲಿಲ್ಲ. ಮುಂದೆ ಕೂಡಿಟ್ಟ ಸಾಮರ್ಥ್ಯ ಕೊಡುವುದು, ಬಿಸಿಯಾದ ಪಾರ್ಟಿಶನ್ನಿಗೆ ಹೆಚ್ಚು ಪಾಲು ನೀಡುವುದು, ಕೊನೆಗೆ ಇಡೀ ಟೇಬಲ್ಲಿನ ಲೆಕ್ಕವನ್ನು ಒಂದೆಡೆ ಇಡುವುದು ಎಂದು ಹಂತಹಂತವಾಗಿ ಇದನ್ನು ಸರಿಪಡಿಸಿದರು. ಆದರೂ 1000ದ ಮಿತಿ ಇಂದಿಗೂ ಇದೆ. ಆರ್ಡರುಗಳನ್ನು ದಿನಾಂಕವನ್ನೇ ಕೀ ಮಾಡಿಕೊಂಡು ಬರೆದರೆ ಇವತ್ತಿನ ಬರಹವೆಲ್ಲ ಒಂದೇ ಕಡೆಗೆ ನುಗ್ಗುತ್ತದೆ. ದಿನಾಂಕದ ಕೊನೆಗೆ 0ಯಿಂದ 9ರವರೆಗಿನ ಒಂದು ಅಂಕಿ ಸೇರಿಸಿ ಹತ್ತು ಕಡೆ ಚದುರಿಸುವುದು ಹಳೆಯ ಉಪಾಯ. ಓದುವಾಗ ಹತ್ತು ಕಡೆಯಿಂದ ಒಟ್ಟುಗೂಡಿಸುವ ಕಷ್ಟ ಜೊತೆಗೆ ಬರುತ್ತದೆ.

ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್ ಬಳಸುವವರಿಗೆ ಈ ರೋಗ ಬೇರೆ ರೂಪದಲ್ಲಿ ಬರುತ್ತದೆ. ಸಿಪಿಯು ಏಕಾಏಕಿ 90 ಮುಟ್ಟಿದರೆ, ಹಿಂದಿನ ವಾರ ಏನು ಬದಲಾಯಿತು ಎಂದು ಮೊದಲು ಕೇಳಬೇಕು. ಹೊಸ ಫೀಚರ್‌ನೊಂದಿಗೆ ಬಂದ ಒಂದು ಕ್ವೆರಿ ಇಂಡೆಕ್ಸ್ ಇಲ್ಲದೆ ಎರಡು ಕೋಟಿ ಸಾಲುಗಳನ್ನು ಮೊದಲಿಂದ ಕೊನೆಯವರೆಗೆ ತಡಕುತ್ತಿರಬಹುದು. ಯಂತ್ರವನ್ನು ಇಮ್ಮಡಿ ಮಾಡಿದರೆ ತಡಕುವ ವೇಗ ಹೆಚ್ಚೆಂದರೆ ಇಮ್ಮಡಿಯಾಗುತ್ತದೆ. ಇಂಡೆಕ್ಸ್ ಹಾಕಿದರೆ ತಡಕುವುದೇ ಬೇಕಿಲ್ಲ.

ಕನೆಕ್ಷನ್‌ಗಳದು ಇನ್ನೊಂದು ಕಥೆ. ಪೋಸ್ಟ್‌ಗ್ರೆಸ್ ತಾನಾಗಿ ಬಿಡುವುದು 100 ಕನೆಕ್ಷನ್, ಒಂದೊಂದಕ್ಕೂ ಒಂದೊಂದು ಪ್ರತ್ಯೇಕ ಪ್ರೊಸೆಸ್. ದಟ್ಟಣೆ ಹೆಚ್ಚಾದಾಗ ಆಪ್ ಸರ್ವರ್‌ಗಳು ಆಟೋಸ್ಕೇಲ್ ಆಗಿ ಹತ್ತರಿಂದ ನಲವತ್ತಾಗುತ್ತವೆ. ತಲಾ 20 ಕನೆಕ್ಷನ್ ಹಿಡಿದರೆ 800. ಡೇಟಾಬೇಸ್ ನಿಧಾನವಾಗಿದೆ ಎಂದು ಆಪ್ ಸರ್ವರ್ ಇನ್ನಷ್ಟು ಹೆಚ್ಚಿಸಿದರೆ ಡೇಟಾಬೇಸ್ ಇನ್ನಷ್ಟು ನಿಧಾನವಾಗುತ್ತದೆ. ಇಲ್ಲಿ ಬೇಕಾದದ್ದು ನಡುವೆ ನಿಂತು ಕನೆಕ್ಷನ್ ಹಂಚಿಕೊಡುವ ಪಿಜಿಬೌನ್ಸರ್‌ನಂಥ ತಂತ್ರಾಂಶ.

## ಗಳಿಗೆ ಗೊತ್ತಿರುವ ನೂಕುನುಗ್ಗಲು

ತತ್ಕಾಲ್ ಟಿಕೆಟ್ ತೆರೆಯುವುದು ಎಸಿ ದರ್ಜೆಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಗಳಿಗೆ ಹೀಗೆ ನಿಕ್ಕಿಯಾಗಿರುವ ಕಡೆ ಎರಡು ನಿಮಿಷ ನೋಡಿ ಎಚ್ಚರಗೊಳ್ಳುವ ಆಟೋಸ್ಕೇಲಿಂಗ್ ಉಪಯೋಗವಿಲ್ಲ. ಅದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಟಿಕೆಟ್ ಖಾಲಿ. ಕೋವಿಡ್ ಲಸಿಕೆಯ ಕೋವಿನ್ ಪೋರ್ಟಲ್ 2021ರ ಏಪ್ರಿಲ್ 28ರ ಸಂಜೆ 4ಕ್ಕೆ 18 ವರ್ಷ ಮೇಲ್ಪಟ್ಟವರ ನೋಂದಣಿ ತೆರೆದಾಗ, ಆ ಒಂದೇ ದಿನ 1.3 ಕೋಟಿಗೂ ಹೆಚ್ಚು ಜನ ಹೆಸರು ಬರೆಸಿದರು. ಇಂಥ ಕೆಲಸಕ್ಕೆ ಗಡಿಯಾರ ನೋಡಿ ಸಾಮರ್ಥ್ಯ ಏರಿಸುವ ನಿಗದಿತ ವೇಳಾಪಟ್ಟಿಯೇ ಸರಿ.

ಕ್ರಿಕೆಟ್‌ನಲ್ಲಿ ದಿನ ಗೊತ್ತು, ಗಳಿಗೆ ಗೊತ್ತಿಲ್ಲ. 2019ರ ಜುಲೈನಲ್ಲಿ ಭಾರತ ಮತ್ತು ನ್ಯೂಜಿಲೆಂಡ್ ನಡುವಿನ ವಿಶ್ವಕಪ್ ಸೆಮಿಫೈನಲ್ ಅನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.53 ಕೋಟಿ ಜನ ನೋಡಿದರು. ಆ ಕಂಪನಿಯವರು ಸಿಪಿಯು ನೋಡಿ ಏರಿಸುವ ಸಿದ್ಧ ವ್ಯವಸ್ಥೆಯನ್ನು ನೆಚ್ಚಿಕೊಳ್ಳಲಿಲ್ಲ. ಇಷ್ಟು ಲಕ್ಷ ವೀಕ್ಷಕರಿಗೆ ಇಷ್ಟು ಸರ್ವರ್ ಎಂಬ ಮೆಟ್ಟಿಲು ಪಟ್ಟಿ ಮಾಡಿಕೊಂಡು, ವೀಕ್ಷಕರ ಸಂಖ್ಯೆ ಒಂದು ಮೆಟ್ಟಿಲು ಹತ್ತಿರ ಬಂದ ಕೂಡಲೇ ಮುಂದಿನದನ್ನು ಸಿದ್ಧವಾಗಿಡುತ್ತಿದ್ದರು. ಅವರ ಎಂಜಿನಿಯರುಗಳು ಹೇಳಿಕೊಂಡ ಒಂದು ಸಂಗತಿ ಮಾತ್ರ ನಮ್ಮ ಊಹೆಗೆ ತಟ್ಟನೆ ಹೊಳೆಯುವುದಿಲ್ಲ. ಧೋನಿ ರನ್‌ಔಟ್ ಆದಾಗ ವೀಕ್ಷಕರು ಕಳಚಿಕೊಂಡರು ಎಂದರೆ ಹೊರೆ ಇಳಿಯಿತು ಎಂದೇ ಅಲ್ಲವೇ? ವಿಡಿಯೊದ ಹೊರೆಯೇನೋ ಇಳಿಯುತ್ತದೆ. ಆದರೆ ಲಕ್ಷಾಂತರ ಜನ ಒಟ್ಟಿಗೆ ಬ್ಯಾಕ್ ಗುಂಡಿ ಒತ್ತಿ ಮುಖಪುಟಕ್ಕೆ ಬರುತ್ತಾರೆ. ಮುಖಪುಟ ಪ್ರತಿಯೊಬ್ಬರಿಗೂ ಬೇರೆ ಬೇರೆ ಶಿಫಾರಸು ತೋರಿಸಬೇಕು. ಅಲ್ಲಿಯವರೆಗೆ ಬಿಡುವಾಗಿದ್ದ ಸೇವೆಗಳ ಮೇಲೆ ಆಗ ನೆರೆ ಬರುತ್ತದೆ. ಪಂದ್ಯದ ಹೊತ್ತಿಗೆ ಅವುಗಳನ್ನು ಇಳಿಸಿಟ್ಟವರು ಕೆಟ್ಟರು.

ನಮ್ಮ ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನದ ದಟ್ಟಣೆಯ ಗುಣ ಬೇರೆ. ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರ ಮನೆಯವರು, ಶಾಲೆಯವರು ಅವೇ ಅಂಕಗಳನ್ನು ಮತ್ತೆ ಮತ್ತೆ ತೆರೆಯುತ್ತಾರೆ. ಆ ದಿನ ಬರಹವೇ ಇಲ್ಲ, ಬರೀ ಓದು. ಅಂಕಗಳು ಗಂಟೆಗೊಮ್ಮೆ ಬದಲಾಗುವುದೂ ಇಲ್ಲ. ಇಂಥದ್ದಕ್ಕೆ ಡೇಟಾಬೇಸ್ ಹಿಗ್ಗಿಸುವುದು ವ್ಯರ್ಥ. ಫಲಿತಾಂಶಗಳನ್ನು ಮೊದಲೇ ಕ್ಯಾಶ್‌ನಲ್ಲಿ ಇಟ್ಟುಬಿಟ್ಟರೆ ಡೇಟಾಬೇಸ್‌ವರೆಗೆ ಕೋರಿಕೆ ಬರುವುದೇ ಅಪರೂಪ.

## ಬಳಸಿದಷ್ಟಕ್ಕೇ ದುಡ್ಡು

2018ರ ನವೆಂಬರ್‌ನಲ್ಲಿ ಡೈನಮೋಡಿಬಿಗೆ ಆನ್-ಡಿಮಾಂಡ್ ವಿಧಾನ ಬಂತು. ಸಾಮರ್ಥ್ಯದ ಸಂಖ್ಯೆ ಹೇಳುವುದೇ ಬೇಡ, ಕೋರಿಕೆಗಳ ಲೆಕ್ಕದಲ್ಲಿ ಬಿಲ್ಲು. ತೀರ್ಮಾನದ ತಲೆನೋವು ಮುಗಿಯಿತು ಎಂದೇನಿಲ್ಲ. ಆನ್-ಡಿಮಾಂಡ್ ಟೇಬಲ್ ತನ್ನ ಹಿಂದಿನ ಗರಿಷ್ಠ ಹೊರೆಯ ಎರಡು ಪಟ್ಟನ್ನು ಒಡನೆಯೇ ತಾಳುತ್ತದೆ. ಅರ್ಧ ಗಂಟೆಯೊಳಗೆ ಅದನ್ನೂ ಮೀರಿದರೆ ಅಲ್ಲೂ ಥ್ರಾಟ್ಲಿಂಗ್. ಹೊಚ್ಚಹೊಸ ಟೇಬಲ್ ಆದರೆ ಸೆಕೆಂಡಿಗೆ 4000 ಬರಹ, 12,000 ಓದಿನಿಂದ ಆರಂಭ.

ಬೆಲೆಯ ಲೆಕ್ಕ ಕೈಯಲ್ಲೇ ಮಾಡಬಹುದು. ವರ್ಜೀನಿಯಾ ಕೇಂದ್ರದ ದರದಲ್ಲಿ ಒಂದು ಡಬ್ಲ್ಯುಸಿಯು ಗಂಟೆಗೆ 0.00065 ಡಾಲರ್. ಗಂಟೆಯ 3600 ಸೆಕೆಂಡೂ ಬಳಸಿದರೆ ಹತ್ತು ಲಕ್ಷ ಬರಹಕ್ಕೆ ಸುಮಾರು 18 ಸೆಂಟ್. ಆನ್-ಡಿಮಾಂಡ್‌ನಲ್ಲಿ ಅಷ್ಟಕ್ಕೇ 62.5 ಸೆಂಟ್. ಮೊದಲು ಇದು 1.25 ಡಾಲರ್ ಇತ್ತು, 2024ರ ನವೆಂಬರ್‌ನಲ್ಲಿ ಅರ್ಧಕ್ಕಿಳಿಯಿತು. ಅಂದರೆ ಕೊಂಡಿಟ್ಟ ಸಾಮರ್ಥ್ಯದ ಸರಾಸರಿ ಬಳಕೆ ಶೇ 29ಕ್ಕಿಂತ ಕಡಿಮೆಯಾದರೆ ಆನ್-ಡಿಮಾಂಡ್ ಅಗ್ಗ. ದರ ಇಳಿಯುವ ಮೊದಲು ಈ ಗೆರೆ ಶೇ 14ರ ಆಸುಪಾಸಿನಲ್ಲಿತ್ತು. ಆಗಿನ ಲೆಕ್ಕ ನೋಡಿ ಮುಂಗಡ ಸಾಮರ್ಥ್ಯ ಕೊಳ್ಳುವ ವಿಧಾನಕ್ಕೆ ಅಂಟಿಕೊಂಡವರು ಹೊಸದಾಗಿ ಗುಣಿಸಿ ನೋಡಬೇಕು. ರಾತ್ರಿ ಮಲಗಿ ಹಗಲು ಮಾತ್ರ ಎದ್ದಿರುವ ವ್ಯವಹಾರಗಳಲ್ಲಿ ಶೇ 29 ದಾಟುವುದು ಸುಲಭವಲ್ಲ.

ಕಾಸ್ಮಾಸ್ ಡಿಬಿಯ ಆಟೋಸ್ಕೇಲ್ ನೀವು ಹೇಳಿದ ಗರಿಷ್ಠದ ಹತ್ತನೇ ಒಂದರಿಂದ ಆ ಗರಿಷ್ಠದವರೆಗೆ ತಾನೇ ಏರಿಳಿಯುತ್ತದೆ. ಪ್ರತಿ ಗಂಟೆಯಲ್ಲಿ ಮುಟ್ಟಿದ ಅತಿ ಎತ್ತರಕ್ಕೆ ದುಡ್ಡು, ದರ ಒಂದೂವರೆ ಪಟ್ಟು. ತಿಂಗಳ ಗಂಟೆಗಳಲ್ಲಿ ಶೇ 66ಕ್ಕಿಂತ ಹೆಚ್ಚು ಹೊತ್ತು ಗರಿಷ್ಠದಲ್ಲೇ ಇರುವವರಿಗೆ ಇದು ನಷ್ಟದ ಬಾಬ್ತು.

## ಇಳಿಸುವಾಗ

ಏರಿಸಲು ಎರಡು ನಿಮಿಷ ಸಾಕೆನ್ನುವ ಡೈನಮೋಡಿಬಿಯ ಆಟೋಸ್ಕೇಲಿಂಗ್ ಇಳಿಸಲು ಹದಿನೈದು ನಿಮಿಷ ಕಾಯುತ್ತದೆ. ಅದು ಸೋಮಾರಿತನವಲ್ಲ. ದಟ್ಟಣೆ ಕ್ಷಣ ತಗ್ಗಿತೆಂದು ಇಳಿಸಿ, ಮರುಕ್ಷಣ ಏರಿತೆಂದು ಏರಿಸುತ್ತ ಹೋದರೆ ಪ್ರತಿ ಸಲ ಏರುವ ಮುನ್ನಿನ ನಿಮಿಷಗಳಲ್ಲಿ ಗ್ರಾಹಕರು ಒದ್ದಾಡುತ್ತಾರೆ. ಇಳಿಕೆಗೆ ದಿನದ ಲೆಕ್ಕವೂ ಇದೆ. ಮೊದಲ ಗಂಟೆಯಲ್ಲಿ ನಾಲ್ಕು, ಆಮೇಲೆ ಗಂಟೆಗೊಂದರಂತೆ ದಿನಕ್ಕೆ ಹೆಚ್ಚೆಂದರೆ 27 ಸಲ.

ಡಿಸ್ಕಿನ ವಿಷಯದಲ್ಲಿ ಇಳಿಕೆಯೇ ಇಲ್ಲ. ಆರ್‌ಡಿಎಸ್‌ನಲ್ಲಿ ಒಮ್ಮೆ ಹಿಗ್ಗಿದ ಡಿಸ್ಕನ್ನು ಅದೇ ಯಂತ್ರದಲ್ಲಿ ಕುಗ್ಗಿಸಲು ಬರುವುದಿಲ್ಲ. ಚಿಕ್ಕ ಡಿಸ್ಕಿನ ಇನ್ನೊಂದನ್ನು ಎಬ್ಬಿಸಿ, ದತ್ತಾಂಶ ಸಾಗಿಸಿ, ಆಪ್ ಅನ್ನು ಅತ್ತ ತಿರುಗಿಸಬೇಕು. ಲಾಗ್ ಟೇಬಲ್‌ನಿಂದ 300 ಜಿಬಿ ಅಳಿಸಿದರೂ ತಿಂಗಳ ಬಿಲ್ಲಿನಲ್ಲಿ ಒಂದು ಪೈಸೆ ಕಡಿಮೆಯಾಗದು. ಪೋಸ್ಟ್‌ಗ್ರೆಸ್ ಅಂತೂ ಅಳಿಸಿದ ಜಾಗವನ್ನು ಮುಂದಿನ ಬರಹಕ್ಕೆಂದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಆರ್‌ಡಿಎಸ್‌ನ ಡಿಸ್ಕ್ ಆಟೋಸ್ಕೇಲಿಂಗ್ ಚಾಲೂ ಮಾಡುವಾಗ ಗರಿಷ್ಠ ಎಷ್ಟು ಎಂದು ಕೇಳುವ ಖಾನೆಯೊಂದಿದೆ. ಅಲ್ಲಿ ಕಣ್ಣುಮುಚ್ಚಿ ದೊಡ್ಡ ಸಂಖ್ಯೆ ಬರೆದರೆ, ಹಾದಿ ತಪ್ಪಿದ ಒಂದು ಬ್ಯಾಚ್ ಜಾಬ್ ಒಂದು ವಾರಾಂತ್ಯದಲ್ಲಿ ನುಂಗಿದ ಜಾಗಕ್ಕೆ ವರ್ಷವಿಡೀ ಬಾಡಿಗೆ ಕಟ್ಟಬೇಕಾಗುತ್ತದೆ.